ಹಗರೆಯಿಂದ ಬಲಕ್ಕೆ ತಿರುಗಿದರೆ ಸಮುದ್ರ

ಹಾಸನದಿಂದ ಬೇಲೂರಿಗೆ ಹೋಗುವ ಬಸ್ಸು ಹಗರೆಯಲ್ಲಿ ನಿಂತರೆ ಕ್ಯಾಮೆರಾ ನೇತುಹಾಕಿಕೊಂಡವರೆಲ್ಲ ಗಡಿಬಿಡಿಯಿಂದ ಇಳಿಯುತ್ತಾರೆ. ನೇರ ಹೋದರೆ ಬೇಲೂರು, ಬಲಕ್ಕೆ ತಿರುಗಿದರೆ ಹಳೇಬೀಡು. ಇಳಿದವರು ಒಂದು ಟೀ ಕುಡಿದು, ಮುಂದಿನ ಬಸ್ಸೋ ಆಟೋವೋ ಸಿಕ್ಕೊಡನೆ ಹೊರಟುಬಿಡುತ್ತಾರೆ. ಹಗರೆಯನ್ನೇ ನೋಡಲೆಂದು ಬರುವವರು ಯಾರೂ ಇಲ್ಲ. ಸುತ್ತ ಆಲೂಗಡ್ಡೆ, ಜೋಳ, ಶುಂಠಿಯ ಹೊಲಗಳು. ಕಡಲು ಘಟ್ಟದ ಆಚೆ, ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹೀಗಿದ್ದೂ, ನೌಕಾ ಇತಿಹಾಸದ ಬಗ್ಗೆ ಭಾಷಣ ಏರ್ಪಡಿಸುವವರು ಯಾರಾದರೂ ಜಾಗ ಕೇಳಿದರೆ ನಾನು ಈ ತಿರುವನ್ನೇ ತೋರಿಸುತ್ತೇನೆ.

ಅಂಥ ಭಾಷಣಗಳನ್ನು ನಾನು ಸಾಕಷ್ಟು ಕೇಳಿದ್ದೇನೆ. ಡಿಸೆಂಬರ್ 4 ನೌಕಾಪಡೆಯ ದಿನ. ಅದರ ಆಸುಪಾಸಿನಲ್ಲಿ ಹೆಚ್ಚು. ನಿವೃತ್ತ ಅಧಿಕಾರಿಯೊಬ್ಬರು ಪುಸ್ತಕ ಬರೆದಿರುತ್ತಾರೆ, ಪರದೆಯ ಮೇಲೆ ಕರಾಚಿಯ ನಕ್ಷೆ ಬರುತ್ತದೆ. 1971ರ ಆ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಹೋಗಿ ಹೊಡೆದು ಬಂದ ಕಥೆಯನ್ನು ಎಷ್ಟು ಸಲ ಕೇಳಿದರೂ ಮೈ ಜುಮ್ಮೆನ್ನುತ್ತದೆ. ಅವುಗಳ ಜೊತೆಗಿದ್ದ ಕಿಲ್ತಾನ್ ಹಡಗಿನ ನಾಯಕ ಗೋಪಾಲ ರಾವ್ ಅವರಿಗೆ ಮಹಾವೀರ ಚಕ್ರ ಬಂತು. ಅವರ ಪೂರ್ತಿ ಹೆಸರು ಕಾಸರಗೋಡು ಪಟ್ಟಣಶೆಟ್ಟಿ ಗೋಪಾಲ ರಾವ್ ಎಂದು ಗೊತ್ತಾದಾಗ ಕನ್ನಡದ ಸಭೆ ಸ್ವಲ್ಪ ನೆಟ್ಟಗೆ ಕೂರುತ್ತದೆ. ಐದು ದಿನದ ಮೇಲೆ ಮುಳುಗಿದ ಖುಕ್ರಿಯ ಮಾತು ಬಂದಾಗ ಸದ್ದಡಗುತ್ತದೆ. ಹಡಗಿನೊಂದಿಗೆ ಕ್ಯಾಪ್ಟನ್ ಮುಲ್ಲಾ ಸೇರಿ ಹದಿನೆಂಟು ಅಧಿಕಾರಿಗಳು, 176 ನಾವಿಕರು. ಇಯಾನ್ ಕಾರ್ಡೋಜೊ ಅದರಲ್ಲಿ ಉಳಿದು ಬಂದವರ ಮಾತುಗಳನ್ನು ಸೇರಿಸಿ ಒಂದು ಪುಸ್ತಕವನ್ನೇ ಮಾಡಿದ್ದಾರೆ.

ಕೊನೆಯಲ್ಲಿ ಪ್ರಶ್ನೋತ್ತರ. ಕರ್ನಾಟಕಕ್ಕೂ ನೌಕಾ ಇತಿಹಾಸಕ್ಕೂ ಏನು ನಂಟು ಎಂದು ಹಿಂದಿನ ಸಾಲಿನಿಂದ ಯಾರೋ ಕೇಳುತ್ತಾರೆ. ಉತ್ತರ ಹೆಚ್ಚುಕಡಿಮೆ ಸಿದ್ಧವಾಗಿಯೇ ಇರುತ್ತದೆ: ಉಳ್ಳಾಲದ ಅಬ್ಬಕ್ಕ, ಕಾರವಾರದ ಕದಂಬ ನೆಲೆ, ಅಲ್ಲಿನ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಪಲ್ ಹಡಗು. ಇನ್ನೂ ಓದಿಕೊಂಡವರಾದರೆ ಐಹೊಳೆಯ ಶಾಸನ. ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಂದಿಗೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ್ದನ್ನು ರವಿಕೀರ್ತಿ 634ರಲ್ಲಿ ಅಲ್ಲಿ ಬರೆಸಿದ. ಎಲ್ಲವೂ ಸರಿಯೇ. ಆದರೆ ಘಟ್ಟದ ಮೇಲಿನ ನಮ್ಮನ್ನು ಈ ಉತ್ತರ ದಡದಲ್ಲೇ ನಿಲ್ಲಿಸಿಬಿಡುತ್ತದೆ: ಕಡಲಿನ ಜಗಳ ಕರಾವಳಿಯವರದು, ಬಯಲುಸೀಮೆಯವರು ಚಪ್ಪಾಳೆ ತಟ್ಟಿದರೆ ಸಾಕು ಅನ್ನುವ ಹಾಗೆ.

ಹಗರೆಯಿಂದ ಬಲಕ್ಕೆ ತಿರುಗಿ ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನಕ್ಕೆ ಬಂದವರನ್ನು ಗೈಡುಗಳು ಮೊದಲು ಆನೆ ಸಾಲಿನ ಮುಂದೆ ನಿಲ್ಲಿಸುತ್ತಾರೆ. ವಾಸ್ತುಶಿಲ್ಪದ ಇತಿಹಾಸಕಾರ ಫರ್ಗುಸನ್ ಹತ್ತೊಂಬತ್ತನೆಯ ಶತಮಾನದಲ್ಲೇ ಅದರ ಉದ್ದ 710 ಅಡಿ, ಆನೆಗಳು ಎರಡು ಸಾವಿರಕ್ಕೆ ಕಡಿಮೆಯಿಲ್ಲ ಎಂದು ಬರೆದಿದ್ದ. ಆನೆಯ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಕುದುರೆಗಳ ಸಾಲು. ಜನ ಆನೆ ನೋಡಿ, ಸಿಂಹ ನೋಡಿ, ಕಣ್ಣನ್ನು ನೇರ ರಾಮಾಯಣ ಮಹಾಭಾರತದ ಪಟ್ಟಿಕೆಗೆ ಹಾರಿಸುತ್ತಾರೆ. ನಾನು ಕುದುರೆಗಳ ಜೊತೆ ಬಗ್ಗಿಕೊಂಡು ನಡೆಯುತ್ತಿದ್ದುದನ್ನು ಕಂಡು ಗೈಡೊಬ್ಬರು, “ಏನ್ ಸಾರ್, ಬರೀ ಕುದ್ರೆನೇ ನೋಡ್ತಾ ಇದೀರಲ್ಲ?” ಅಂದರು. ಆನೆ ಎಲ್ಲಿಂದ ಬಂತು ಎಂದು ಕೇಳಿದೆ. “ನಮ್ ಕಾಡಿಂದೇ, ಮಲೆನಾಡಿಂದ” ಎಂದರು. ಕುದುರೆ? ಅವರು ನಕ್ಕು, “ರಾಜರ ಹತ್ರ ಇರ್ತವಲ್ಲ ಸಾರ್” ಅಂದು ಮುಂದಿನ ಗುಂಪಿನತ್ತ ಹೋದರು.

ಬಳಪದ ಕಲ್ಲಿನ ಕುದುರೆ. ಕಡಿವಾಣ, ಕೊರಳ ಸರ, ಜೀನು, ಸವಾರನ ಕೈಯ ಆಯುಧ, ಎಲ್ಲವೂ ಉಗುರಿನಲ್ಲಿ ಕೊರೆದಷ್ಟು ನವಿರು. ನಮ್ಮ ಹವೆಯಲ್ಲಿ, ನಮ್ಮ ಮೇವಿನಲ್ಲಿ ಯುದ್ಧಕ್ಕೆ ಒಗ್ಗುವ ದೊಡ್ಡ ಕುದುರೆಯ ತಳಿ ಏಳುತ್ತಿರಲಿಲ್ಲ. ದಕ್ಷಿಣದ ರಾಜರು ಕುದುರೆಗೆ ಅನ್ನ, ಬೇಯಿಸಿದ ಮಾಂಸ ತಿನ್ನಿಸುತ್ತಾರೆ, ಲಾಳ ಕಟ್ಟುವವರೂ ಇಲ್ಲ ಎಂದು ಮಾರ್ಕೊ ಪೋಲೊ ಹದಿಮೂರನೆಯ ಶತಮಾನದ ಕೊನೆಯಲ್ಲಿ ಮೂಗು ಮುರಿದಿದ್ದಾನೆ. ಹಾಗಾಗಿ ವರ್ಷವರ್ಷವೂ ಹೊಸ ಕುದುರೆ ಬೇಕು. ಅವು ಅರಬ್ ನಾಡಿನಿಂದ, ಪಾರಸೀಕ ಕೊಲ್ಲಿಯ ದ್ವೀಪಗಳಿಂದ ಗಾಳಿಯ ಕಾಲ ನೋಡಿಕೊಂಡು ಹಾಯಿ ಹಡಗಿನಲ್ಲಿ ಬರಬೇಕು. ಇಳಿದ ಮೇಲೆ ಘಟ್ಟ ಹತ್ತಬೇಕು. ವಸ್ಸಾಫ್ ಎಂಬ ಪರ್ಷಿಯದ ಇತಿಹಾಸಕಾರ ಒಂದೊಂದು ಕುದುರೆಗೆ 220 ಚಿನ್ನದ ದಿನಾರ್ ಬೆಲೆ ಹೇಳುತ್ತಾನೆ. ಒಂದು ಕಾಲದಲ್ಲಿ ಭಾರತದ ಬಂದರುಗಳಿಗೆ ವರ್ಷಕ್ಕೆ ಹತ್ತು ಸಾವಿರ ಬರುತ್ತಿದ್ದವಂತೆ. ಸಂಖ್ಯೆ ಉಬ್ಬಿರಬಹುದು, ಮಧ್ಯಯುಗದ ಲೇಖಕರಿಗೆ ಸೊನ್ನೆಗಳ ಮೇಲೆ ಪ್ರೀತಿ. ಬೆಲೆಯ ಬಿಸಿ ಮಾತ್ರ ನಿಜವಿರಬೇಕು.

ಅಷ್ಟು ಬೆಲೆಯ ಸರಕು ಕಡಲಿನ ಮೇಲಿದ್ದರೆ ಕಳ್ಳರು ಸುಮ್ಮನಿರುತ್ತಾರೆಯೇ? ಠಾಣೆಯ ರಾಜ ಕಡಲ್ಗಳ್ಳರ ಜೊತೆ ಮಾಡಿಕೊಂಡಿದ್ದ ಕರಾರನ್ನೂ ಮಾರ್ಕೊ ಪೋಲೊನೇ ಬರೆದಿದ್ದಾನೆ. ಲೂಟಿಯ ಬೇರೆ ಮಾಲೆಲ್ಲ ನಿಮಗೆ, ಸಿಕ್ಕ ಕುದುರೆಗಳೆಲ್ಲ ನನಗೆ! ಇದನ್ನು ನೌಕಾ ನೀತಿ ಎನ್ನದೆ ಏನೆನ್ನುವುದು? ದೋರಸಮುದ್ರದ, ಅಂದರೆ ಇದೇ ಹಳೇಬೀಡಿನ, ಅರಸನ ಲಾಯ ತುಂಬುವುದೂ ಬರಿದಾಗುವುದೂ ಹಡಗಿನ ದಾರಿ ಯಾರ ಹಿಡಿತದಲ್ಲಿದೆ ಎಂಬುದರ ಮೇಲೆ ನಿಂತಿತ್ತು. ಹೊಯ್ಸಳರು ನೌಕಾಪಡೆ ಕಟ್ಟಿ ಹೆಸರಾದವರಲ್ಲ. ಆದರೆ ಮೂರನೆಯ ಬಲ್ಲಾಳ ಬಾರಕೂರಿನ ಆಳುಪರ ಮನೆಯ ಚಿಕ್ಕಾಯಿತಾಯಿಯನ್ನು ಮದುವೆಯಾದದ್ದನ್ನು ಬರೀ ಬೀಗತನವೆಂದು ಓದಲು ನನಗೆ ಮನಸ್ಸಾಗುವುದಿಲ್ಲ. ಬಾರಕೂರು ಬಂದರು.

ಕುದುರೆಯೂ ನೌಕಾ ಯುದ್ಧವೂ ಒಂದೇ ಚಿತ್ರದಲ್ಲಿ ಸಿಗುವುದು ಇಬ್ನ್ ಬತೂತನಲ್ಲಿ. 1342ರಲ್ಲಿ ದೆಹಲಿ ಬಿಟ್ಟ ಆತ ಮುಂದೆ ಹೊನ್ನಾವರದಲ್ಲಿ ಸುಲ್ತಾನ್ ಜಮಾಲುದ್ದೀನನ ಅತಿಥಿಯಾಗಿದ್ದ. ಆ ಸುಲ್ತಾನ ಗೋವೆಯ ಸಂದಾಪುರದ ಮೇಲೆ ಏರಿಹೋಗಲು 52 ಹಡಗು ಸಿದ್ಧಮಾಡಿದ್ದ. ಬತೂತ ಕುರಾನ್ ತೆರೆದು ಶಕುನ ನೋಡಿದ, ಒಳ್ಳೆಯದು ಬಂತು, ತಾನೂ ಹತ್ತಿಕೊಂಡ. ಬಂದರಿನ ಎದುರು ಕವಣೆಯಂತ್ರಗಳು ಕಲ್ಲೆಸೆಯುತ್ತಿದ್ದವು. ಹಡಗಿನವರು ಗುರಾಣಿ ಕತ್ತಿ ಹಿಡಿದು ನೀರಿಗೆ ಹಾರಿದರು. ಆ ದಂಡಿನಲ್ಲಿ ಹಿಂಬದಿ ತೆರೆದಿದ್ದ ಎರಡು ಹಡಗುಗಳಿದ್ದವು, ಒಳಗೆ ಕುದುರೆ. ಸವಾರ ಹಡಗಿನ ಒಳಗೇ ಕುದುರೆ ಏರಿ, ಕವಚ ತೊಟ್ಟು, ಹಾಗೆಯೇ ದಡಕ್ಕೆ ನುಗ್ಗುವಂತೆ ಅವುಗಳ ರಚನೆ. ಟ್ಯಾಂಕು ಇಳಿಸುವ ಇವತ್ತಿನ ನೌಕಾಪಡೆಯ ಹಡಗುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಹೊನ್ನಾವರದ ಈ ಎರಡು ಹಡಗುಗಳಿಗೆ ಐದು ನಿಮಿಷವಾದರೂ ಕೊಡಬೇಡವೇ?

ಅದೇ ಬತೂತ ಮುಂದೆ ಮಧುರೆಯಲ್ಲಿ ಮುದಿ ಬಲ್ಲಾಳನ ಗತಿಯನ್ನೂ ಬರೆದಿದ್ದಾನೆ. ಸೆರೆಸಿಕ್ಕ ಅರಸನ ಸಂಪತ್ತು, ಆನೆ, ಕುದುರೆಗಳನ್ನೆಲ್ಲ ಕಿತ್ತುಕೊಂಡ ಮೇಲೆ ಕೊಂದು, ಚರ್ಮಕ್ಕೆ ಹುಲ್ಲು ತುಂಬಿ ಕೋಟೆಯ ಗೋಡೆಗೆ ನೇತುಹಾಕಿದ್ದರಂತೆ. ತಾನೇ ಕಣ್ಣಾರೆ ಕಂಡೆ ಎನ್ನುತ್ತಾನೆ. ಈ ಗುಡಿಯ ಕುದುರೆ ಸಾಲಿನ ಪಕ್ಕ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ.

ದೇವಸ್ಥಾನದ ಪಕ್ಕದ ಕೆರೆ ನೋಡಿಯೇ ಹೋಗಬೇಕು. ರಾಜಧಾನಿಯ ಹೆಸರಿನಲ್ಲಿ ಇದ್ದ ಸಮುದ್ರ ಇದೇ. 1311ರಲ್ಲಿ ದೆಹಲಿಯ ಸೇನಾನಿ ಮಲಿಕ್ ಕಾಫರ್ ಇಲ್ಲಿಗೆ ಬಂದ. ಬಲ್ಲಾಳನಿಂದ ಆನೆ, ಕುದುರೆ, ಭಂಡಾರ ತೆಗೆದುಕೊಂಡು ತೆಂಕಣಕ್ಕೆ ಇಳಿದ. ದೆಹಲಿಗೆ ಮರಳುವಾಗ ಅವನ ಬಳಿ 512 ಆನೆ, ಐದು ಸಾವಿರ ಕುದುರೆ ಇದ್ದವು ಎಂದು ಅಮೀರ್ ಖುಸ್ರೋ ಲೆಕ್ಕ ಕೊಡುತ್ತಾನೆ. ಕುದುರೆಗಳಲ್ಲಿ ಯೆಮೆನಿನವೂ ಇದ್ದವಂತೆ. ಕಡಲಿನಲ್ಲಿ ದಕ್ಷಿಣಕ್ಕೆ ಬಂದವು, ನೆಲದ ಮೇಲೆ ಉತ್ತರಕ್ಕೆ ಹೋದವು.

ಹೊಯ್ಸಳರು ಹೋದರೂ ಹಸಿವು ಹೋಗಲಿಲ್ಲ. ವಿಜಯನಗರದ ಸಾಳುವ ನರಸಿಂಹ ಕುದುರೆ ಬದುಕಿದ್ದರೂ ಸತ್ತಿದ್ದರೂ ಸಾವಿರ ಪರ್ದಾವಿಗೆ ಮೂರರಂತೆ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಕಡಲಿನಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೂ ಪೂರ್ತಿ ಹಣ. ವಿಮೆ ಎಂಬುದು ಇಲ್ಲದ ಕಾಲದ ವಿಮೆ! 1510ರಲ್ಲಿ ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ, ಅಲ್ಬುಕರ್ಕ್‌ನಿಗೆ ಗೋವೆಯ ದಾರಿ ತೋರಿದ್ದು. 1547ರಲ್ಲಿ ಗೋವೆಗೆ ಬಂದ ಕುದುರೆ ನಮಗೇ ಎಂದು ವಿಜಯನಗರ ಪೋರ್ಚುಗೀಸರೊಂದಿಗೆ ಒಪ್ಪಂದ ಬರೆಸಿಕೊಂಡದ್ದು. ಇವೆರಡಕ್ಕೂ ಒಂದೊಂದು ಸಂಜೆಯ ಭಾಷಣ ಬೇಕಾಗುತ್ತದೆ.

ಹಳೇಬೀಡಿನಿಂದ ಅರಸೀಕೆರೆಗೆ ಹೋಗುವುದು ಒಳ್ಳೆಯದು. ಅಲ್ಲಿನ ಶಿವಾಲಯದ ನಕ್ಷತ್ರಾಕಾರದ ಮಂಟಪ ನೋಡದವರು ಹೊಯ್ಸಳರನ್ನು ಅರ್ಧ ನೋಡಿದವರು ಎಂಬುದು ನನ್ನ ಹಟ. ಯುನೆಸ್ಕೊ 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ ಪಟ್ಟ ಕಟ್ಟಿತು. ಅರಸೀಕೆರೆಗೆ ಆ ಗದ್ದಲವಿಲ್ಲ, ನೆಮ್ಮದಿಯಾಗಿ ನೋಡಬಹುದು. ನನಗೆ ಬೇಕಾದದ್ದು ಈ ಸೀಮೆಯ ಶಾಸನ. ಬಿ. ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದ ಸಂಪುಟದಲ್ಲಿ ಅದಿದೆ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ, ಎರಡನೆಯ ವೀರಬಲ್ಲಾಳನ ಕಾಲದಲ್ಲಿ, ಕುದುರೆ, ಆನೆ, ಮುತ್ತುಗಳನ್ನು ಹಡಗಿನಲ್ಲಿ ಸಮುದ್ರದ ಮೇಲೆ ತಂದು ಅರಸರಿಗೆ ಮಾರುತ್ತಿದ್ದ ಸೆಟ್ಟಿಗಳ ಹೊಗಳಿಕೆ ಅದರಲ್ಲಿ ಬರುತ್ತದೆ. ಬರೆಸಿದ್ದು ತೆಂಗು, ರಾಗಿಯ ನಾಡಿನಲ್ಲಿ. ಕೆತ್ತಿದವನು ಕಡಲು ಕಂಡಿದ್ದನೋ ಇಲ್ಲವೋ, ಹಡಗಿನ ಬಾಡಿಗೆಯಿಂದ ಹಿಡಿದು ಲಾಯದ ಹುರುಳಿಯವರೆಗೆ ಆ ಸೆಟ್ಟಿಗಳ ದುಡ್ಡು ಓಡಾಡಿದ ದಾರಿಯಲ್ಲೇ ಅವನ ಕೂಲಿಯೂ ಇತ್ತು.

ಮುಂದಿನ ಡಿಸೆಂಬರಿನಲ್ಲಿ ಕಿಲ್ತಾನ್, ಖುಕ್ರಿಗಳ ಬಗ್ಗೆ ಮಾತಾಡಲು ಯಾರಾದರೂ ಹಾಸನಕ್ಕೆ ಬಂದರೆ, ಸಭೆ ಸಂಜೆಗಿರಲಿ. ಬೆಳಿಗ್ಗೆ ಭಾಷಣಕಾರರನ್ನು ಬೇಲೂರು ಬಸ್ಸಿಗೆ ಹತ್ತಿಸಿ, ಹಗರೆಯಲ್ಲಿ ಇಳಿಸಿ, ಕುದುರೆ ಸಾಲಿನ ಮುಂದೆ ಕರೆದುಕೊಂಡು ಹೋಗಿ. ಜೊತೆಗೆ ಆ ಗೈಡನ್ನೂ ಕರೆಯಬೇಕು. ಕುದುರೆ ಎಲ್ಲಿಂದ ಬಂತೆಂದು ಅವರಿಗೆ ಇನ್ನೂ ಉತ್ತರ ಸಿಕ್ಕಿಲ್ಲ.