ಕಳ್ಳ ಲ್ಯಾಬ್‌ನಲ್ಲಿ ಸ್ವಿಚ್ ಮುಟ್ಟಬಾರದು

ಮಾದಕವಸ್ತು ತಯಾರಿಸುವ ಕಳ್ಳ ಲ್ಯಾಬ್ ಎಂದರೆ ಸಾಲು ಸಾಲು ಗಾಜಿನ ಪಾತ್ರೆ, ಬಣ್ಣಬಣ್ಣದ ಹೊಗೆ ಎಂಬ ನಂಬಿಕೆಯನ್ನು ಸಿನಿಮಾಗಳು ಬೆಳೆಸಿವೆ. ನಿಜವಾಗಿ ಅದು ಬಾಡಿಗೆ ಮನೆಯ ಅಡುಗೆಕೋಣೆಯಾಗಿರಬಹುದು, ಊರಾಚೆಯ ಶೆಡ್ಡೂ ಆಗಿರಬಹುದು. 2025ರ ಜುಲೈನಲ್ಲಿ ಮುಂಬೈ ಪೊಲೀಸರು ಮೈಸೂರಿಗೇ ಬಂದು ಎಂಡಿ (ಮೆಫೆಡ್ರೋನ್) ಎಂಬ ಮಾದಕವಸ್ತುವಿನ ತಯಾರಿಕಾ ಘಟಕವೊಂದನ್ನು ಪತ್ತೆ ಹಚ್ಚಿದ ಮೇಲೆ, ಇದೆಲ್ಲ ಅಮೆರಿಕದ ಕಥೆ ಎನ್ನುವಂತಿಲ್ಲ. ಹಗಲಲ್ಲೂ ಮುಚ್ಚಿದ ಕಿಟಕಿ, ಸದಾ ಓಡುವ ಎಕ್ಸಾಸ್ಟ್ ಫ್ಯಾನ್, ಲೇಬಲ್ ಕಿತ್ತ ಕ್ಯಾನುಗಳು, ಅಮೋನಿಯಾ ತಗುಲಿ ನೀಲಿ-ಹಸಿರಿಗೆ ತಿರುಗಿದ ಹಿತ್ತಾಳೆ ವಾಲ್ವು: ಇವು ಒಟ್ಟಿಗೆ ಕಂಡರೆ ಅನುಮಾನಪಡಬೇಕು.

ವಾಸನೆ ನೋಡಿ ಅಪಾಯ ಅಳೆಯಬಹುದು ಎಂಬುದು ಇನ್ನೊಂದು ತಪ್ಪು ಕಲ್ಪನೆ. ಇಂಥ ಲ್ಯಾಬ್‌ಗಳಲ್ಲಿ ಹುಟ್ಟಬಹುದಾದ ಫಾಸ್ಫೀನ್ ಎಂಬ ವಿಷಾನಿಲಕ್ಕೆ ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆಯೇನೋ ಇದೆ. ಆದರೆ ಅದು ಮೂಗಿಗೆ ಬರುವಷ್ಟರಲ್ಲಿ ಅಪಾಯದ ಮಟ್ಟ ದಾಟಿರಬಹುದು. ಎನ್95 ಮಾಸ್ಕ್ ದೂಳನ್ನು ತಡೆಯುತ್ತದೆ, ಅನಿಲವನ್ನಲ್ಲ. ಒಳಹೋಗುವವರ ಬೆನ್ನಿಗೆ ಉಸಿರಾಟದ ಸಿಲಿಂಡರ್ ಇರಲೇಬೇಕು.

ಎಲ್ಲಕ್ಕಿಂತ ದುಬಾರಿಯಾಗುವ ನಂಬಿಕೆ, "ಮೊದಲು ಮೇನ್ ಆಫ್ ಮಾಡಿ, ಒಲೆ ಆರಿಸಿ" ಎಂಬುದು. ಬೇರೆ ಅವಘಡಗಳಲ್ಲಿ ಇದು ಜಾಣತನವೇ. ಇಲ್ಲಿ ಹಾಗಲ್ಲ. ಈಥರ್, ಅಸಿಟೋನ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಡಿಕೊಂಡು ಕಿಡಿಗಾಗಿ ಕಾದಿರುತ್ತದೆ. ಸ್ವಿಚ್ ಹಾಕಿದರೂ ಆರಿಸಿದರೂ ಕಿಡಿ ಹಾರುತ್ತದೆ. ಅದೂ ಅಲ್ಲದೆ, ಕುದಿಯುತ್ತಿರುವ ಪಾತ್ರೆಯನ್ನು ತಂಪಾಗಿಟ್ಟಿದ್ದ ನೀರಿನ ಪಂಪು ಕರೆಂಟಿನ ಜೊತೆಗೇ ನಿಂತರೆ, ಒಳಗಿನ ಒತ್ತಡ ಏರಿ ಪಾತ್ರೆ ಸಿಡಿಯಬಹುದು. ಹಾಗಾಗಿ ಮುಚ್ಚಳ ತೆರೆಯಬಾರದು, ಸಿಂಕಿಗೆ ಸುರಿಯಬಾರದು, ಒಳಗೆ ನಿಂತು ಮೊಬೈಲ್ ಒತ್ತಬಾರದು. ಬಂದ ದಾರಿಯಲ್ಲೇ ಹೊರಬಂದು, ಗಾಳಿ ಬೀಸಿ ಬರುವ ದಿಕ್ಕಿನಲ್ಲಿ ದೂರ ನಿಂತು ತಜ್ಞರ ತಂಡವನ್ನು ಕರೆಸುವುದೇ ಮೊದಲ ಕೆಲಸ. ಸಾಕ್ಷ್ಯ ಹಾಳಾದೀತು ಎಂಬ ಪೊಲೀಸರ ಆತುರ ಸಹಜ, ಆದರೂ ಸಾಕ್ಷ್ಯ ಸಂಗ್ರಹ ಕಾಯಬಲ್ಲದು.

ಬೆಂಕಿ ಕಂಡರೆ ನೀರು ಹಾಯಿಸುವುದೂ ಎಲ್ಲ ಕಡೆ ಸರಿಯಲ್ಲ. ಇಂಥ ಲ್ಯಾಬ್‌ನಲ್ಲಿ ಇರಬಹುದಾದ ಲೀಥಿಯಂ, ಸೋಡಿಯಂ ಲೋಹಕ್ಕೆ ನೀರು ತಾಗಿದರೆ ಹೈಡ್ರೋಜನ್ ಹುಟ್ಟಿ ಬೆಂಕಿ ಹೆಚ್ಚುತ್ತದೆ.

ಹೆದರಿಕೆಯಲ್ಲೂ ಅತಿಯಿದೆ. ಫೆಂಟನಿಲ್ ಪುಡಿ ಬೆರಳಿಗೆ ತಗುಲಿದರೆ ಸಾವೇ ಎಂಬುದು ಅಂಥದ್ದು. ಕ್ಷಣಕಾಲದ ಚರ್ಮಸ್ಪರ್ಶದಿಂದ ವಿಷವೇರುವ ಸಾಧ್ಯತೆ ತೀರಾ ಕಡಿಮೆ ಎಂದು ಅಮೆರಿಕದ ವಿಷಶಾಸ್ತ್ರ ತಜ್ಞರ ಸಂಘಟನೆಗಳು 2017ರಲ್ಲೇ ಹೇಳಿವೆ. ಗ್ಲೌಸ್ ಹಾಕಿ, ತಗುಲಿದರೆ ನೀರಿನಲ್ಲಿ ತೊಳೆದರಾಯಿತು.

ಗಾಯಾಳುವನ್ನು ಆಂಬುಲೆನ್ಸಿಗೆ ಏರಿಸುವ ಮೊದಲು ಬಟ್ಟೆ ತೆಗೆಸಿ, ಮೈ ತೊಳೆಸಿ, ಆಸ್ಪತ್ರೆಗೆ ಮುನ್ಸೂಚನೆ ಕೊಡಿ. ನೆರೆಹೊರೆಯವರಿಗೂ ಒಂದು ಮಾತು: ಅನುಮಾನ ಬಂದರೆ ಇಣುಕಿ ನೋಡಲು ಹೋಗದೆ, ದೂರದಿಂದಲೇ 112ಕ್ಕೆ ಕರೆ ಮಾಡಿ.