ಬೆಳ್ಳಗಿರೋದೆಲ್ಲ ಹಾಲಲ್ಲ, ಕಣ್ಣು ಕುಕ್ಕೋದೆಲ್ಲ ಬೆಳಕಲ್ಲ

ಕಾರಿನ ಹೆಡ್‌ಲೈಟ್ ಬಲ್ಬ್ ಹೋಯಿತು ಅಂತಿಟ್ಟುಕೊಳ್ಳಿ. ಬೆಂಗಳೂರಿನ ಜೆ.ಸಿ. ರೋಡ್‌ಗೋ, ನಿಮ್ಮೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಸ್ಪೇರ್ ಪಾರ್ಟ್ಸ್ ಅಂಗಡಿಗೋ ಹೋಗ್ತೀರಿ. ಏನು ಕೇಳ್ತೀರಿ? "ಒಳ್ಳೇ ಬೆಳಕು ಬರಬೇಕು, ಬಾಳಿಕೇನೂ ಬರಬೇಕು." ಅಂಗಡಿಯವರು ನಗುನಗ್ತಾ "ಇದೆ ಸಾರ್" ಅಂತ ಬಣ್ಣಬಣ್ಣದ ಡಬ್ಬಿಯೊಂದನ್ನು ಮುಂದಿಡ್ತಾರೆ. ನೀವು ದುಡ್ಡು ಕೊಟ್ಟು ಬರ್ತೀರಿ.

ನಾನು ಹೇಳೋಕೆ ಹೊರಟಿರೋದು ಏನು ಗೊತ್ತಾ? ನಿಮ್ಮ ಆ ಎರಡು ಬೇಡಿಕೆಗಳದ್ದು ಎಣ್ಣೆ-ಸೀಗೇಕಾಯಿ ಸಂಬಂಧ. ಒಂದು ಜಾಸ್ತಿ ಆದರೆ ಇನ್ನೊಂದು ಕಡಿಮೆ ಆಗಲೇಬೇಕು. ಇದರಲ್ಲಿ ಕಂಪನಿಯ ಮೋಸ ಏನೂ ಇಲ್ಲ, ಇದು ವಿಜ್ಞಾನದ ಲೆಕ್ಕ. ಆ ಲೆಕ್ಕ ಗೊತ್ತಿಲ್ಲದೆ ದುಡ್ಡು ಹಾಳಾದರೆ ಹೋಗಲಿ ಬಿಡಿ ಅನ್ನಬಹುದು. ಆದರೆ ರಾತ್ರಿ ಹೊತ್ತು ಎದುರಿನಿಂದ ಬರ್ತಿರೋ ಮನುಷ್ಯನ ಜೀವ ಹೋದರೆ?

ಮೊದಲು ಬಲ್ಬಿನ ಒಳಗೆ ಇಣುಕೋಣ. ಈಗೀಗ ಬರೋ ಅನೇಕ ಹೊಸ ಕಾರುಗಳಲ್ಲಿ ಕಂಪನಿಯೇ ಕೂರಿಸಿದ ಎಲ್‌ಇಡಿ ಹೆಡ್‌ಲೈಟ್ ಇರುತ್ತೆ. ಅಲ್ಲಿ ಸಾಮಾನ್ಯವಾಗಿ ಬಲ್ಬ್ ಬದಲಿಸೋ ಮಾತೇ ಬರಲ್ಲ. ಆದರೆ ನಮ್ಮ ರಸ್ತೆಗಳಲ್ಲಿ ಓಡಾಡ್ತಿರೋ ಎಷ್ಟೋ ಕಾರುಗಳಲ್ಲಿ ಇವತ್ತಿಗೂ ಇರೋದು ಹ್ಯಾಲೊಜನ್ ಬಲ್ಬು. ಅದರಲ್ಲೂ ನಮ್ಮಲ್ಲಿ ಹೆಚ್ಚಾಗಿ ಕಾಣೋದು ಎಚ್4 ಅನ್ನೋ ಜಾತಿ. ಹೈ ಬೀಮ್‌ಗೆ 60 ವ್ಯಾಟ್, ಲೋ ಬೀಮ್‌ಗೆ 55 ವ್ಯಾಟ್. ಒಂದೇ ಬಲ್ಬು, ಒಳಗೆ ಎರಡು ಫಿಲಮೆಂಟು.

ಫಿಲಮೆಂಟ್ ಅಂದ್ರೆ ಟಂಗ್‌ಸ್ಟನ್ ತಂತಿಯ ಸುರುಳಿ. ಅದು ಕಾದಷ್ಟೂ ಬೆಳಕು ಜಾಸ್ತಿ. ಕಾದಷ್ಟೂ ಅದರ ಮೈಯಿಂದ ಲೋಹ ಆವಿಯಾಗಿ ಸವೆಯೋದೂ ಜಾಸ್ತಿ. ಹಳೇ ಕಾಲದ ಗಾಜಿನ ಬಲ್ಬುಗಳು ಒಳಗಡೆ ಕಪ್ಪಗಾಗ್ತಿದ್ದವಲ್ಲ, ಅದು ಇದೇ ಕಾರಣಕ್ಕೆ. ಹ್ಯಾಲೊಜನ್ ಬಲ್ಬಿನಲ್ಲಿ ತುಂಬಿರೋ ಅನಿಲದಲ್ಲಿ ಅಯೋಡಿನ್ ಅಥವಾ ಬ್ರೋಮಿನ್ ಅಂಶ ಇರುತ್ತೆ. ಅದು ಆವಿಯಾದ ಟಂಗ್‌ಸ್ಟನ್ನನ್ನು ಹಿಡಿದು ತಂದು ಮತ್ತೆ ತಂತಿಯ ಮೇಲೇ ಬಿಡುತ್ತೆ. ಒಳ್ಳೇ ವ್ಯವಸ್ಥೆ. ಆದರೆ ಎಲ್ಲಿ ಸವೆದಿತ್ತೋ ಅಲ್ಲೇ ತಂದು ಕೂರಿಸಲ್ಲ. ಹಾಗಾಗಿ ತಂತಿ ಎಲ್ಲೋ ಒಂದು ಕಡೆ ತೆಳುವಾಗ್ತಾ ಹೋಗಿ, ಒಂದು ದಿನ ಹಂಪ್ ಹಾರಿಸಿದಾಗ ಪಟ್ ಅಂತ ಕಡಿದು ಹೋಗುತ್ತೆ.

ಲೆಕ್ಕ ಕೇಳಿ. ಹ್ಯಾಲೊಜನ್ ಬಲ್ಬಿಗೆ ಹೋಗೋ ವೋಲ್ಟೇಜನ್ನು ಶೇ. 5ರಷ್ಟು ಹೆಚ್ಚಿಸಿದರೆ ಬೆಳಕು ಸುಮಾರು ಶೇ. 18ರಷ್ಟು ಹೆಚ್ಚುತ್ತೆ. ಆಯಸ್ಸು? ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ಬೆಳಕಿನಲ್ಲಿ ಸಿಗೋ ಲಾಭ ಕಾಲು ಭಾಗಕ್ಕಿಂತ ಕಡಿಮೆ, ಆಯಸ್ಸಿನಲ್ಲಿ ಆಗೋ ನಷ್ಟ ಅರ್ಧ. ಇದು ತಲೆಯಲ್ಲಿದ್ದರೆ ಅಂಗಡಿಯ ಡಬ್ಬಿಗಳನ್ನೆಲ್ಲ ಓದೋದು ಸುಲಭ.

ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ "ಶೇ. 100 ಹೆಚ್ಚು ಬೆಳಕು", "ಶೇ. 150 ಹೆಚ್ಚು ಬೆಳಕು" ಅಂತ ಇರುತ್ತೆ. ಬೆಳಕು ಎರಡೂವರೆ ಪಟ್ಟಾಯ್ತು ಅಂತ ನೀವಂದುಕೊಳ್ತೀರಿ. ಆಗೋದಿಲ್ಲ ಸ್ವಾಮಿ. ಎಚ್4 ಬಲ್ಬ್ 13.2 ವೋಲ್ಟ್‌ನಲ್ಲಿ ಲೋ ಬೀಮ್‌ಗೆ 1000 ಲ್ಯೂಮೆನ್, ಹೈ ಬೀಮ್‌ಗೆ 1650 ಲ್ಯೂಮೆನ್ ಬೆಳಕು ಕೊಡಬೇಕು ಅಂತ ಅಂತಾರಾಷ್ಟ್ರೀಯ ಮಾನದಂಡವೇ ಇದೆ. ಅದರಲ್ಲಿ ಶೇ. 15ರಷ್ಟು ಹೆಚ್ಚುಕಡಿಮೆಗೆ ಮಾತ್ರ ಅವಕಾಶ. ಹಾಗಾದ್ರೆ ಶೇ. 150 ಎಲ್ಲಿಂದ ಬಂತು? ಫಿಲಮೆಂಟನ್ನು ಚಿಕ್ಕದಾಗಿ, ಬಿಗಿಯಾಗಿ ಸುತ್ತಿ, ಹೆಚ್ಚು ಕಾಯಿಸಿ, ಬೆಳಕನ್ನು ರಸ್ತೆಯ ಒಂದು ಜಾಗಕ್ಕೆ ಒಟ್ಟುಗೂಡಿಸ್ತಾರೆ. ಆ ಜಾಗದಲ್ಲಿ ಕಾನೂನು ಕೇಳೋ ಕನಿಷ್ಠ ಬೆಳಕಿಗೆ ಹೋಲಿಸಿ ಬರೆಯೋ ಸಂಖ್ಯೆ ಅದು. ಸುಳ್ಳಲ್ಲ, ಆದರೆ ನೀವಂದುಕೊಂಡ ಸತ್ಯವೂ ಅಲ್ಲ. ದೂರದ ರಸ್ತೆ ಚೆನ್ನಾಗಿ ಕಾಣೋದು ನಿಜ, ಬಲ್ಬು ಬೇಗ ಸಾಯೋದೂ ಅಷ್ಟೇ ನಿಜ.

ಎರಡನೆಯದು ನೀಲಿ ಬಲ್ಬು. ಗಾಜಿಗೆ ನೀಲಿ ಲೇಪನ ಬಳಿದು, "ಬಿಳಿ ಬೆಳಕು" ಅಂತ ಮಾರ್ತಾರೆ. ಹ್ಯಾಲೊಜನ್ನಿನ ಸಹಜ ಬೆಳಕು ಸುಮಾರು 3200 ಕೆಲ್ವಿನ್, ಸ್ವಲ್ಪ ಹಳದಿ. ಆ ಲೇಪನ ಹಳದಿ, ಕೆಂಪು ಭಾಗವನ್ನು ಒಂದಷ್ಟು ನುಂಗಿಹಾಕುತ್ತೆ. ಅಂದ್ರೆ ನೀವು ದುಡ್ಡು ಕೊಟ್ಟು ಬೆಳಕನ್ನು ಕಡಿಮೆ ಮಾಡಿಸಿಕೊಳ್ತಿದ್ದೀರಿ! ಆ ಕೊರತೆ ತುಂಬೋಕೆ ತಂತಿಯನ್ನು ಇನ್ನಷ್ಟು ಕಾಯಿಸಿದರೆ ಮತ್ತೆ ಆಯಸ್ಸು ಕಡಿಮೆ. ನೆನಪಿಡಿ, ಕೆಲ್ವಿನ್ ಅನ್ನೋದು ಬಣ್ಣದ ಅಳತೆ, ಬೆಳಕಿನ ಅಳತೆ ಲ್ಯೂಮೆನ್.

ಮೂರನೆಯದು "ಲಾಂಗ್ ಲೈಫ್" ಬಲ್ಬು. ಇದರಲ್ಲಿ ತಂತಿಯನ್ನು ಸ್ವಲ್ಪ ಕಡಿಮೆ ಕಾಯಿಸ್ತಾರೆ. ಬೆಳಕು ತುಸು ಮಂದ, ಬಾಳಿಕೆ ಎಷ್ಟೋ ಪಟ್ಟು ಜಾಸ್ತಿ.

ಹಾಗಾದ್ರೆ ಯಾವುದು ತಗೋಬೇಕು? ನೀವು ವರ್ಷಕ್ಕೆ ಎಷ್ಟು ಗಂಟೆ ಲೈಟ್ ಉರಿಸ್ತೀರಿ ಅನ್ನೋದರ ಮೇಲೆ ಹೋಗುತ್ತೆ. ಬಲ್ಬಿನ ಆಯಸ್ಸನ್ನು ಗಂಟೆಯಲ್ಲೇ ಅಳೆಯೋದು. ದಿನಕ್ಕೆ 1 ಗಂಟೆ ಅಂದ್ರೆ ವರ್ಷಕ್ಕೆ 365 ಗಂಟೆ. ಟ್ಯಾಕ್ಸಿ ಓಡಿಸೋರು ದಿನಕ್ಕೆ 5 ಗಂಟೆ ಉರಿಸಿದರೆ 1800 ಗಂಟೆ ದಾಟುತ್ತೆ. ಟ್ಯಾಕ್ಸಿಯವರಿಗೆ, ಬೀದಿದೀಪ ಇರೋ ಊರೊಳಗೇ ಓಡಾಡೋರಿಗೆ ಲಾಂಗ್ ಲೈಫ್ ಸಾಕು. ತಿಂಗಳಿಗೆ ಒಂದೆರಡು ಸಲ ರಾತ್ರಿ ಊರಿಗೆ ಹೋಗೋ ಸಂಸಾರಸ್ಥರಿಗೆ ಹೆಸರಿರೋ ಕಂಪನಿಯ ಸಾದಾ 60/55 ವ್ಯಾಟ್ ಬಲ್ಬು, ಅಥವಾ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಒಳ್ಳೇದು. ಶೇ. 130, ಶೇ. 150ರ ಬಲ್ಬುಗಳು ಬೀದಿದೀಪ ಇಲ್ಲದ ರಸ್ತೆಯಲ್ಲಿ ರಾತ್ರಿ ಜಾಸ್ತಿ ಓಡಾಡೋರಿಗೆ, ಬೇಗ ಬದಲಿಸೋಕೆ ಬೇಜಾರಿಲ್ಲದವರಿಗೆ. ಯಾವುದೇ ತಗೊಳ್ಳಿ, ಬಲ್ಬಿನ ಲೋಹದ ಬುಡದ ಮೇಲೆ ವೃತ್ತದೊಳಗೆ 'ಇ' ಅನ್ನೋ ಇಂಗ್ಲಿಷ್ ಅಕ್ಷರ, ಪಕ್ಕದಲ್ಲೊಂದು ಅಂಕಿ ಇದೆಯಾ ನೋಡಿ. ಅದು ಮಾನದಂಡದ ಪರೀಕ್ಷೆ ದಾಟಿದ ಗುರುತು. ಒಳ್ಳೇ ಹೆಸರಿಗೆ ನಕಲಿ ಮಾಲೂ ಇರುತ್ತೆ, ಅದಕ್ಕೇ ಬಿಲ್ ಕೊಡೋ ಅಂಗಡಿಯಲ್ಲೇ ತಗೊಳ್ಳಿ.

ಆದರೆ ಒಂದು ನಿಮಿಷ. ನಿಮ್ಮ ಬೆಳಕು ಮಂದ ಆಗಿರೋದು ಬಲ್ಬಿನಿಂದಲೇ ಅಂತ ಹೇಳಿದವರು ಯಾರು?

ಹೆಡ್‌ಲೈಟಿನ ಮುಂದಿನ ಪ್ಲಾಸ್ಟಿಕ್ ನೋಡಿ. ಅದು ಪಾಲಿಕಾರ್ಬೊನೇಟ್. ವರ್ಷಗಟ್ಟಲೆ ಬಿಸಿಲಿಗೆ ನಿಂತು ಹಳದಿಯಾಗಿ, ಮಬ್ಬಾಗಿದ್ದರೆ ಯಾವ ಬಲ್ಬ್ ಹಾಕಿದರೂ ಹೊಗೆ ಹಿಡಿದ ಲಾಟೀನಿನ ಗಾಜು ಒರೆಸದೇ ಬತ್ತಿ ಏರಿಸಿದ ಹಾಗೇ. ಉಜ್ಜಿ ಪಾಲಿಶ್ ಮಾಡಿಸಿ, ಅದರ ಮೇಲೆ ಬಿಸಿಲು ತಡೆಯೋ ಲೇಪನ ಹಾಕಿಸಿ.

ಆಮೇಲೆ ಬಲ್ಬಿನ ಹೋಲ್ಡರ್‌ನಲ್ಲಿ ಎಷ್ಟು ವೋಲ್ಟ್ ಬರ್ತಿದೆ ಅಂತ ಅಳೆಸಿ. ಎಂಜಿನ್ ಓಡ್ತಿದ್ದಾಗ, ಲೈಟ್ ಉರೀತಿದ್ದಾಗಲೇ ಅಳೀಬೇಕು. ಯಾವ ಆಟೋ ಎಲೆಕ್ಟ್ರಿಷಿಯನ್ ಬೇಕಾದ್ರೂ ಮೀಟರ್ ಇಟ್ಟು ಹೇಳ್ತಾರೆ. 13.2 ವೋಲ್ಟ್ ಬರಬೇಕಾದ ಕಡೆ 12 ಬರ್ತಿದ್ದರೆ ಬೆಳಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಆಗಲೇ ಹೋಯ್ತು! ತುಕ್ಕು ಹಿಡಿದ ಅರ್ಥ್ ಕನೆಕ್ಷನ್, ಸಡಿಲ ಹೋಲ್ಡರ್, ಸಣ್ಣ ವೈರು, ಇವೇ ಕಳ್ಳರು. ಒಂದು ಒಳ್ಳೇ ರಿಲೇ ವೈರಿಂಗ್ ಹಾಕಿಸಿದರೆ ಹಳೇ ಬಲ್ಬೇ ಹೊಸದಾಗುತ್ತೆ. ಇನ್ನು ಬಲ್ಬ್ ಪದೇಪದೇ ಹೋಗ್ತಾ ಇದೆ, 15 ವೋಲ್ಟ್ ತೋರಿಸ್ತಾ ಇದೆ ಅಂದ್ರೆ ತಪ್ಪು ಬಲ್ಬಿನದಲ್ಲ. ಆಲ್ಟರ್ನೇಟರ್ ತೋರಿಸಿ.

ಮೂರನೆಯದು ಬೆಳಕಿನ ಇಳಿಜಾರು. ಸಮತಟ್ಟಾದ ಜಾಗದಲ್ಲಿ ಕಾರನ್ನು ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ ಲೋ ಬೀಮ್ ಹಾಕಿ. ಬೆಳಕಿನ ಮೇಲಂಚು ಹೆಡ್‌ಲೈಟಿನ ಮಧ್ಯದ ಎತ್ತರಕ್ಕಿಂತ ಹೆಚ್ಚುಕಡಿಮೆ 10 ಸೆಂಟಿಮೀಟರ್ ಕೆಳಗೆ ಇರಬೇಕು. ತುಂಬಾ ಕಾರುಗಳಲ್ಲಿ ಸ್ಟೇರಿಂಗ್ ಪಕ್ಕ 0, 1, 2, 3 ಅಂತ ಬರೆದಿರೋ ಸಣ್ಣ ತಿರುಗಣೆ ಇರುತ್ತೆ. ಎಷ್ಟೋ ಜನ ಅದನ್ನು ಒಂದು ಸಲವೂ ಮುಟ್ಟಿರಲ್ಲ. ಹಿಂದೆ ಮೂರು ಜನ ಕೂತು, ಡಿಕ್ಕಿ ತುಂಬಾ ಲಗೇಜ್ ಇಟ್ಟರೆ ಕಾರಿನ ಮೂತಿ ಮೇಲೇಳುತ್ತೆ, ಬೆಳಕು ಎದುರಿನವರ ಕಣ್ಣಿಗೆ ಹೋಗುತ್ತೆ. ಆಗ ಬೆಳಕನ್ನು ಇಳಿಸೋಕೆ ಅಂತಲೇ ಅದನ್ನು ಕೊಟ್ಟಿರೋದು.

ಇಷ್ಟೆಲ್ಲ ಯಾರು ಮಾಡ್ತಾರೆ ಅಂತ ಜನ ಸುಲಭದ ದಾರಿ ಹಿಡೀತಾರೆ. ಒಂದು, 100/90 ವ್ಯಾಟ್ ಬಲ್ಬು. 55 ವ್ಯಾಟಿಗೆ ಸುಮಾರು 4.6 ಆಂಪಿಯರ್ ಸಾಕು, 90 ವ್ಯಾಟಿಗೆ 7.5 ಬೇಕು. ವೈರಿನಲ್ಲಿ ಹುಟ್ಟೋ ಬಿಸಿ ಎರಡೂವರೆ ಪಟ್ಟು ದಾಟುತ್ತೆ. ಹೋಲ್ಡರ್ ಕರಗುತ್ತೆ, ಒಳಗಿನ ರಿಫ್ಲೆಕ್ಟರ್ ಸುಡುತ್ತೆ, ವೈರಿಂಗ್‌ಗೆ ಬೆಂಕಿ ಹತ್ತೋ ಅಪಾಯವೂ ಇದೆ. ನೂರಿನ್ನೂರು ರೂಪಾಯಿಯ ಆಸೆಗೆ ಇಡೀ ಹೆಡ್‌ಲೈಟೇ ಬದಲಿಸಬೇಕಾಗುತ್ತೆ.

ಇನ್ನೊಂದು, ಈಗ ಊರೆಲ್ಲ ಹಬ್ಬಿರೋ ಎಲ್‌ಇಡಿ ಕಿಟ್. ಹ್ಯಾಲೊಜನ್ ತೆಗೆದು ಅದೇ ಗೂಡಿಗೆ ಎಲ್‌ಇಡಿ ತುರುಕೋದು. ಇಲ್ಲಿ ಸ್ವಲ್ಪ ಗಮನ ಕೊಡಿ. ಎಚ್4 ಬಲ್ಬಿನ ಲೋ ಬೀಮ್ ಫಿಲಮೆಂಟ್ ಕೆಳಗೆ ಲೋಹದ ಒಂದು ಪುಟ್ಟ ಬಟ್ಟಲಿದೆ. ಅದು ಕೆಳಕ್ಕೆ ಹೋಗೋ ಬೆಳಕನ್ನು ತಡೆಯುತ್ತೆ. ಬೆಳಕು ರಿಫ್ಲೆಕ್ಟರಿನ ಮೇಲ್ಭಾಗಕ್ಕೆ ಮಾತ್ರ ಬಡಿದು ರಸ್ತೆಗೆ ಇಳಿಯುತ್ತೆ. ಆ ಬಟ್ಟಲಿನ ಒಂದಂಚನ್ನು ಓರೆ ಮಾಡಿದ್ದಾರೆ, ಯಾಕೆ? ನಾವು ಎಡಗಡೆ ಹೋಗೋರು. ಎಡಕ್ಕೆ ಬೆಳಕು ಸ್ವಲ್ಪ ಮೇಲೇರಿ ಅಂಚಿನಲ್ಲಿ ನಡೀತಿರೋರು ಕಾಣಬೇಕು. ಬಲಕ್ಕೆ ಬೆಳಕು ತಗ್ಗಿ ಎದುರಿನವರ ಕಣ್ಣು ಉಳಿಯಬೇಕು. ಈ ಲೆಕ್ಕವೆಲ್ಲ ಫಿಲಮೆಂಟ್ ಮಿಲಿಮೀಟರ್ ಕೂಡ ಆಚೀಚೆ ಆಗದೆ ಕೂತಿದ್ದರೆ ಮಾತ್ರ. ಎಲ್‌ಇಡಿ ಚಿಪ್ಪಿನ ಆಕಾರವೇ ಬೇರೆ, ಬೆಳಕು ಚೆಲ್ಲೋ ದಿಕ್ಕೇ ಬೇರೆ. ಅದನ್ನು ತಂದು ಈ ಗೂಡಿಗೆ ಹಾಕಿದರೆ ಬೆಳಕು ಎಲ್ಲೆಂದರಲ್ಲಿ ಚದುರುತ್ತೆ. ಕಾರಿನ ಮುಂದಿನ ಹತ್ತು ಮೀಟರ್ ಫಳಫಳ ಹೊಳೆಯುತ್ತೆ. ನಿಮಗೆ ಖುಷಿ. ದೂರದ ಗುಂಡಿ ಕಾಣಲ್ಲ, ಎದುರಿನವರಿಗೆ ಏನೂ ಕಾಣಲ್ಲ.

ಎಲ್‌ಇಡಿಯೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಜರ್ಮನಿಯಲ್ಲಿ 2020ರಲ್ಲಿ ಇಂಥ ಬದಲಿ ಎಲ್‌ಇಡಿ ಬಲ್ಬಿಗೆ ಅನುಮತಿ ಕೊಟ್ಟರು. ಹೇಗೆ ಕೊಟ್ಟರು? ಬಲ್ಬನ್ನೂ ಹೆಡ್‌ಲೈಟನ್ನೂ ಒಟ್ಟಿಗೆ ಪರೀಕ್ಷಿಸಿ, ಪಾಸಾದ ಕಾರುಗಳ ಪಟ್ಟಿ ಮಾಡಿ, ಆ ಕಾರುಗಳಿಗೆ ಮಾತ್ರ. ನಮ್ಮಲ್ಲಿ? ಡಬ್ಬಿ ಒಡೆದು ಹಾಕಿದ್ದೇ ಹಾಕಿದ್ದು.

ಎದುರಿನಿಂದ ಬರೋನ ಕಥೆ ಯೋಚಿಸಿ. ಕಣ್ಣಿಗೆ ಜೋರು ಬೆಳಕು ಹೊಡೆದ ಮೇಲೆ ಮತ್ತೆ ಕತ್ತಲಿಗೆ ಹೊಂದಿಕೊಳ್ಳೋಕೆ ಕೆಲವು ಸೆಕೆಂಡು ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. 3 ಸೆಕೆಂಡ್ ಅಂತಲೇ ಇಟ್ಟುಕೊಳ್ಳಿ. 60 ಕಿ.ಮೀ. ವೇಗದಲ್ಲಿ ಅಷ್ಟು ಹೊತ್ತಿಗೆ ಬೈಕ್ 50 ಮೀಟರ್ ಸಾಗಿರುತ್ತೆ. ಐವತ್ತು ಮೀಟರ್ ಕುರುಡಾಗಿ! ಮಂಡ್ಯದ ಕಡೆ, ಬೆಳಗಾವಿಯ ಕಡೆ ಸುಗ್ಗಿ ಕಾಲದಲ್ಲಿ ಆ ಐವತ್ತು ಮೀಟರಿನಲ್ಲಿ ಏನಿರುತ್ತೆ ಅಂತ ನಿಮಗೇ ಗೊತ್ತು. ಹಿಂದೆ ಒಂದು ರಿಫ್ಲೆಕ್ಟರೂ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ನಿಂತಿರುತ್ತೆ. ಬೈಕಿನಲ್ಲಿ ಹಿಂದೆ ಹೆಂಡತಿ, ಮುಂದೆ ಮಗು. ಯಾರ ತಪ್ಪು ಅಂತ ಬರೀತಾರೆ ಎಫ್‌ಐಆರ್‌ನಲ್ಲಿ? ನಿಮ್ಮ ಬಲ್ಬಿನ ಹೆಸರು ಅದರಲ್ಲಿ ಇರೋದಿಲ್ಲ.

ನಿಮಗಾದ್ರೂ ಲಾಭ ಆಯ್ತಾ? ಲೋ ಬೀಮ್‌ನಲ್ಲಿ ರಸ್ತೆ ಚೆನ್ನಾಗಿ ಕಾಣೋದು ಸುಮಾರು 50-60 ಮೀಟರ್. 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತೆ. ಕಂಡು, ಕಾಲು ಬ್ರೇಕಿಗೆ ಹೋಗಿ, ಗಾಡಿ ನಿಲ್ಲೋ ಹೊತ್ತಿಗೆ 65-70 ಮೀಟರ್ ಆಗಿರುತ್ತೆ. ಬೆಳಕಿಗಿಂತ ಮುಂದೆ ನಾವೇ ಓಡ್ತಿರ್ತೀವಿ. ಅದಕ್ಕೆ ಮದ್ದು ಇರೋದು ಆಕ್ಸಿಲರೇಟರ್ ಹತ್ತಿರ.

ಬಲ್ಬ್ ಬದಲಿಸುವಾಗ ಎರಡೂ ಕಡೆಯದನ್ನು ಒಟ್ಟಿಗೇ ಬದಲಿಸಿ. ಎರಡಕ್ಕೂ ಒಂದೇ ವಯಸ್ಸು, ಒಂದು ಹೋದ ಮೇಲೆ ಇನ್ನೊಂದು ಜಾಸ್ತಿ ದಿನ ಇರಲ್ಲ. ಉರೀತಿರೋದನ್ನು ಬಿಸಾಡಬೇಡಿ, ಡಿಕ್ಕಿಯಲ್ಲಿ ಸ್ಪೇರ್ ಆಗಿ ಇಡಿ. ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ವಿಪರೀತ ಕಾದು ಬಲ್ಬ್ ಬೇಗ ಹೋಗುತ್ತೆ. ಮುಟ್ಟಿಬಿಟ್ಟರೆ ಸ್ಪಿರಿಟ್‌ನಲ್ಲಿ ಒರೆಸಿ. ಹಿಂದಿನ ರಬ್ಬರ್ ಮುಚ್ಚಳ ಸರಿಯಾಗಿ ಹಾಕಿ, ಒಳಗೆ ನೀರು ಹೋದರೆ ಎಲ್ಲಾ ಲೆಕ್ಕವೂ ನೀರಿಗೇ.

ಕಾನೂನು ಇಲ್ಲವಾ ಅಂದ್ರೆ ಇದೆ. ಹಿಂದೆ ನಮ್ಮ ಊರುಗಳಲ್ಲಿ ಹೆಡ್‌ಲೈಟಿಗೆ ಕಪ್ಪು ಬೊಟ್ಟು ಇಡಿಸ್ತಿದ್ದದ್ದು ನೆನಪಿರಬೇಕು. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕೋ ಲೈಟುಗಳ ವಿರುದ್ಧ ಕೇಸು ಹಾಕೋ ಕಾರ್ಯಾಚರಣೆಯನ್ನೂ ಶುರು ಮಾಡಿದರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೇ ನಿಯಮ ಅಂತ ಒಂದಿದೆ. ಲೈಟಿನಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರೋ ಮನುಷ್ಯನಿಗೆ ಆ ಬೆಳಕು ಕುಕ್ಕಬಾರದು ಅನ್ನುತ್ತೆ ಅದು.

ಇದನ್ನು ಪರೀಕ್ಷೆ ಮಾಡೋಕೆ ಪೊಲೀಸರೇ ಬೇಕಾ? ಇವತ್ತು ರಾತ್ರಿ ಲೋ ಬೀಮ್ ಹಾಕಿ ಕಾರು ನಿಲ್ಲಿಸಿ. ಕೆಳಗಿಳಿದು ಹತ್ತು ಹೆಜ್ಜೆ ಮುಂದೆ ಹೋಗಿ, ಡ್ರೈವರ್ ಕೂರೋ ಕಡೆಯ ಅಂಚಿನಿಂದ ಸ್ವಲ್ಪ ಆಚೆ, ತಿರುಗಿ ನಿಂತು ನೋಡಿ. ನಿಮ್ಮ ಕಾರು ನಿಮಗೆ ಕಾಣ್ತಾ ಇದೆಯಾ, ಇಲ್ಲ ಕೈ ಅಡ್ಡ ಹಿಡೀಬೇಕು ಅನ್ನಿಸ್ತಾ ಇದೆಯಾ? ಕೈ ಅಡ್ಡ ಬಂದರೆ ನಾಳೆ ಬೆಳಗ್ಗೆಯೇ ಮೆಕ್ಯಾನಿಕ್ ಹತ್ತಿರ ಹೋಗಿ. ಬೈಕಿನ ಹ್ಯಾಂಡಲ್ ಹಿಡಿದು ಬರ್ತಿರೋನಿಗೆ ಕೈ ಅಡ್ಡ ಹಿಡಿಯೋಕೂ ಆಗಲ್ಲ.