ಬಟನ್ ಒತ್ತಿದ್ದು ನಾನೇ, ತಲುಪಲಿಲ್ಲ ಅಷ್ಟೆ!

‘ನಾಟಕದಲ್ಲಿ ನಿಂದು ಯಾವ ಪಾರ್ಟು?’

ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ತಪ್ಪಿದ್ದಲ್ಲ. ‘ನನ್ನದು ಪಾರ್ಟ್ ಇಲ್ಲ, ನಾನು ಹಿಂದೆ ಕೂತು ಕಂಪ್ಯೂಟರ್ ಒತ್ತೋದು’ ಅಂದರೆ ಕೇಳಿದವರ ಮುಖ ಸಪ್ಪೆಯಾಗುತ್ತದೆ. ಅಜ್ಜಿಯಂತೂ ಒಮ್ಮೆ, ‘ಅಷ್ಟಕ್ಕೆ ರಾತ್ರಿ ಹನ್ನೊಂದರ ತನಕ ರಿಹರ್ಸಲ್ಲಾ?’ ಎಂದು ಕೇಳಿದ್ದರು.

ಅಷ್ಟಕ್ಕೇ! ಯಾಕೆಂದರೆ ನಾನು ಒತ್ತುವುದು ಒಂದೇ ಬಟನ್. ಆದರೆ ಅದನ್ನು ಒಂದೂವರೆ ಗಂಟೆಯಲ್ಲಿ 64 ಸಲ ಒತ್ತಬೇಕು. ಒಂದು ಸಲವೂ ಅರ್ಧ ಸೆಕೆಂಡ್ ಹಿಂದೆ ಮುಂದೆ ಆಗಬಾರದು. ಫೋನ್ ರಿಂಗ್ ಆಗುವುದು, ನಟ ರಿಸೀವರ್ ಎತ್ತಿದ ತಕ್ಷಣ ಅದು ನಿಲ್ಲುವುದು, ದೂರದಲ್ಲಿ ಬಸ್ಸಿನ ಹಾರ್ನ್, ಹಿಂಬದಿ ಪರದೆಯ ಮೇಲೆ ಚಿತ್ರ, ಬೆಳಕು ಹಳದಿಯಿಂದ ನೀಲಿಗೆ ತಿರುಗುವುದು... ಇವೆಲ್ಲವೂ ಒಂದೊಂದು ‘ಕ್ಯೂ’. ಹಿಂದೆಲ್ಲ ಸಿ.ಡಿ. ಪ್ಲೇಯರ್‌ಗೆ ಒಬ್ಬರು, ಲೈಟಿಗೆ ಒಬ್ಬರು, ಪ್ರೊಜೆಕ್ಟರ್‌ಗೆ ಒಬ್ಬರು ಕೂರುತ್ತಿದ್ದರಂತೆ. ಈಗ ಅವನ್ನೆಲ್ಲ ಒಂದು ಪಟ್ಟಿಯಾಗಿ ಜೋಡಿಸಿಕೊಳ್ಳುವ ಸಾಫ್ಟ್‌ವೇರ್‌ಗಳಿವೆ. ನಾವು ಬಳಸುವುದು ಕ್ಯೂಲ್ಯಾಬ್. ಜಗತ್ತಿನ ಎಷ್ಟೋ ರಂಗಮಂದಿರಗಳಲ್ಲಿ ಇದೇ ಇದೆ. ಮ್ಯಾಕ್ ಕಂಪ್ಯೂಟರ್‌ನಲ್ಲಿ ಮಾತ್ರ ಓಡುತ್ತದೆ ಎನ್ನುವುದು ನಮ್ಮಂಥ ಬಡ ತಂಡಗಳ ತಲೆನೋವು. ಗೆಳತಿಯ ಅಣ್ಣನ ಲ್ಯಾಪ್‌ಟಾಪ್ ಕೇಳಿ ತಂದಿದ್ದೆವು. ಪರವಾನಗಿ ದಿನದ ಬಾಡಿಗೆಗೂ ಸಿಗುತ್ತದೆ ಎನ್ನುವುದೇ ಸಮಾಧಾನ.

ನಮ್ಮ ನಾಟಕ ಶರಾವತಿ ಮುಳುಗಡೆಯ ಕುರಿತಾದದ್ದು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮುಂಚೆ ಗಂಟು ಕಟ್ಟಿ ಊರು ಬಿಟ್ಟ ಸಾವಿರಾರು ಕುಟುಂಬಗಳಲ್ಲಿ ನಮ್ಮ ಅಜ್ಜಿಯ ತವರೂ ಒಂದು. ಅವರಿಗಾಗ ಹನ್ನೊಂದು ವರ್ಷ. ತಂಡದಲ್ಲಿ ಇನ್ನಿಬ್ಬರ ಮನೆಯಲ್ಲೂ ಇಂಥ ಕಥೆಗಳಿದ್ದವು. ಎಲ್ಲವನ್ನೂ ಸೇರಿಸಿ ನಾವೇ ನಾಟಕ ಕಟ್ಟಿದೆವು. ಕೊನೆಯ ದೃಶ್ಯದಲ್ಲಿ ಎಲ್ಲರೂ ಲಾರಿ ಹತ್ತಿದ ಮೇಲೆ ಮುದುಕಿಯೊಬ್ಬಳು ಮನೆಯೊಳಗೆ ಉಳಿಯುತ್ತಾಳೆ. ದೇವರ ದೀಪವನ್ನು ಆರಿಸುತ್ತಾಳೆ. ಅದೇ ಕ್ಷಣಕ್ಕೆ ವೇದಿಕೆ ಕತ್ತಲಾಗಿ, ನೀರಿನ ಭೋರ್ಗರೆತ ಏಳಬೇಕು. ಹಿಂಬದಿ ಪರದೆಯ ತುಂಬ ನೀರು ಏರಬೇಕು. ಅದು ಕ್ಯೂ ನಂಬರ್ 58. ಒಂದೇ ಒತ್ತು, ಮೂರು ಕೆಲಸ.

ಶಿವಮೊಗ್ಗದಲ್ಲಿ ಮೊದಲ ಪ್ರದರ್ಶನ. ಮುನ್ನೂರು ಜನ. ಮೂರನೇ ಸಾಲಿನಲ್ಲಿ ಅಪ್ಪ, ಅಮ್ಮ, ಅಜ್ಜಿ.

ಮುದುಕಿ ಪಾತ್ರದ ಗೆಳತಿ ದೀಪದ ಮುಂದೆ ಬಾಗಿದಳು. ಉಫ್ ಎಂದಳು. ನಾನು ಸ್ಪೇಸ್ ಬಾರ್ ಒತ್ತಿದೆ.

ನೀರು ಭೋರ್ಗರೆಯಿತು. ಲೈಟು ಆರಲಿಲ್ಲ.

ಪೂರ್ತಿ ಬೆಳಕು! ಪರದೆಯ ಮೇಲೆ ನೀರೇನೋ ಏರುತ್ತಿತ್ತು. ಆದರೆ ಅಷ್ಟು ಬೆಳಕಿನಲ್ಲಿ ಅದು ತೊಳೆದ ಸೀರೆಯ ಬಣ್ಣದ ಹಾಗೆ ಮಂಕಾಗಿ ಕಾಣುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಲ್ಯಾಪ್‌ಟಾಪ್ ನೋಡಿದೆ. ‘ಬೆಳಕು ಆರಿಸು’ ಎಂಬ ಕ್ಯೂ ಯಾವ ತಕರಾರೂ ಇಲ್ಲದೆ ಓಡಿ ಮುಗಿದಿತ್ತು. ಅದರ ಪ್ರಕಾರ ವೇದಿಕೆ ಕತ್ತಲಾಗಿತ್ತು! ಸರ್ವೆಯರ್ ಪಾತ್ರ ಮುಗಿಸಿ ಸೈಡ್ ವಿಂಗ್‌ನಲ್ಲಿ ನಿಂತಿದ್ದ ಗೆಳೆಯನೇ ನಮ್ಮ ಲೈಟ್ ಡಿಸೈನರ್. ಅವನು ಬಣ್ಣ ಹಚ್ಚಿದ ಮುಖದಲ್ಲೇ ಓಡಿಹೋಗಿ ಲೈಟಿನ ಲ್ಯಾಪ್‌ಟಾಪ್‌ನಲ್ಲಿ ಮಾಸ್ಟರ್ ಇಳಿಸಿದ. ವಿಡಿಯೊ ನೋಡಿ ಆಮೇಲೆ ಲೆಕ್ಕ ಹಾಕಿದೆವು: 18 ಸೆಕೆಂಡ್. ಬೂತಿನಲ್ಲಿ ಕೂತ ನನಗೆ ಅದು 18 ನಿಮಿಷದಂತಿತ್ತು.

ಸಂದೇಶ ಹೋಗಿದ್ದೆಲ್ಲಿಗೆ?

ಚಪ್ಪಾಳೆ ಮುಗಿದು ಜನ ಹೊರಗೆ ಹೋಗುವ ಮುಂಚೆಯೇ ನಾವಿಬ್ಬರೂ ತನಿಖೆಗೆ ಕೂತೆವು. ನಮ್ಮ ವ್ಯವಸ್ಥೆ ಹೀಗಿತ್ತು. ಧ್ವನಿ ಮತ್ತು ಚಿತ್ರ ನನ್ನ ಲ್ಯಾಪ್‌ಟಾಪ್‌ನಿಂದ ನೇರ ಕೇಬಲ್‌ನಲ್ಲಿ ಹೋಗುತ್ತಿದ್ದವು. ಲೈಟಿನ ಡಿಮ್ಮರ್‌ಗಳು ವೇದಿಕೆಯ ಪಕ್ಕದಲ್ಲಿದ್ದುದರಿಂದ ಅಲ್ಲೇ ಇನ್ನೊಂದು ಹಳೆ ಲ್ಯಾಪ್‌ಟಾಪ್ ಇಟ್ಟು, ಕ್ಯೂಎಲ್‌ಸಿ ಪ್ಲಸ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದ್ದೆವು. ನಾನು ಬೂತಿನಿಂದ ಓಎಸ್‌ಸಿ ಎಂಬ ಸಂದೇಶ ಕಳಿಸಿದರೆ ಅದು ಲೈಟು ಬದಲಿಸುತ್ತಿತ್ತು. ನಡುವೆ ಇದ್ದದ್ದು ಮನೆಯಿಂದ ತಂದ ಒಂದು ವೈಫೈ ರೂಟರ್.

ಕೊನೆಯ ದೃಶ್ಯ ಹನ್ನೆರಡು ನಿಮಿಷದ್ದು. ಅಷ್ಟು ಹೊತ್ತೂ ಬೆಳಕು ಬದಲಾಗುವುದಿಲ್ಲ. ಆ ಹೊತ್ತಿನಲ್ಲೇ ನಮ್ಮ ಜೂನಿಯರ್ ಒಬ್ಬ, ಕೊನೆಯ ನಮಸ್ಕಾರವನ್ನು ಶೂಟ್ ಮಾಡೋಣವೆಂದು ಫೋನ್ ಚಾರ್ಜಿಗೆ ಹಾಕಲು ಹೋಗಿ, ವಿಂಗ್‌ನಲ್ಲಿದ್ದ ರೂಟರಿನ ಪ್ಲಗ್ ಕಿತ್ತಿದ್ದ. ತಪ್ಪಾಯಿತೆಂದು ಗೊತ್ತಾಗಿ ಅರ್ಧ ನಿಮಿಷದಲ್ಲಿ ವಾಪಸ್ ಹಾಕಿಯೂ ಇದ್ದ. ರೂಟರ್ ಮತ್ತೆ ಎದ್ದು ಎಲ್ಲರಿಗೂ ಹೊಸದಾಗಿ ವಿಳಾಸ ಹಂಚಿತು. ನಟರ ಮೊಬೈಲುಗಳೂ ಅದೇ ವೈಫೈನಲ್ಲಿದ್ದವು. ಲೈಟಿನ ಲ್ಯಾಪ್‌ಟಾಪ್‌ಗೆ ಇದ್ದ ವಿಳಾಸ ಮೊದಲು ಸೇರಿಕೊಂಡ ಒಂದು ಮೊಬೈಲಿಗೆ ಸಿಕ್ಕಿತು. ರೂಟರಿನ ಪಟ್ಟಿ ತೆರೆದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ‘ಬೆಳಕು ಆರಿಸು’ ಎಂಬ ನನ್ನ ಆಜ್ಞೆ ಹೋಗಿದ್ದು ಗ್ರೀನ್ ರೂಮಿನಲ್ಲಿದ್ದ ಅಮಲ್ದಾರರ ಜೇಬಿಗೆ!

ಹಾಗಾದರೆ ತಲುಪಲಿಲ್ಲವೆಂದು ನನ್ನ ಲ್ಯಾಪ್‌ಟಾಪ್ ಯಾಕೆ ಹೇಳಲಿಲ್ಲ? ಅಲ್ಲೇ ಇರುವುದು ಪಾಠ. ಈ ಸಂದೇಶಗಳು ಸಾಮಾನ್ಯವಾಗಿ ಯುಡಿಪಿ ಎಂಬ ವಿಧಾನದಲ್ಲಿ ಹೋಗುತ್ತವೆ. ಅದು ಅಂಚೆ ಡಬ್ಬಿಗೆ ಕಾರ್ಡು ಹಾಕಿದ ಹಾಗೆ. ಹಾಕಿದ್ದಷ್ಟೇ ನಮಗೆ ಗೊತ್ತು, ತಲುಪಿತೋ ಇಲ್ಲವೋ ಗೊತ್ತಾಗುವುದಿಲ್ಲ. ರಿಜಿಸ್ಟರ್ಡ್ ಪೋಸ್ಟಿನಂತೆ ಸಹಿ ಪಡೆದು ಬರುವ ಟಿಸಿಪಿ ಎಂಬ ವಿಧಾನವೂ ಇದೆ, ಆದರೆ ನಾನು ಅದನ್ನು ಹೊಂದಿಸಿರಲಿಲ್ಲ. ಇಷ್ಟು ದಿನ ‘ಕಳಿಸಿದೆ’ ಎನ್ನುವುದನ್ನೇ ‘ಆಯಿತು’ ಎಂದುಕೊಂಡಿದ್ದೆ.

ಲೈಟುಗಳ ಲೋಕದಲ್ಲಿ ಡಿಎಂಎಕ್ಸ್ 512 ಎಂಬ ಹಳೆಯ ಭಾಷೆಯಿದೆ. 1986ರದ್ದು. ಅದರಲ್ಲೂ ವಾಪಸ್ ಉತ್ತರ ಬರುವುದಿಲ್ಲ. ಆದರೆ ಅದು ‘ಈ ಲೈಟು ಇಷ್ಟಿರಲಿ, ಆ ಲೈಟು ಅಷ್ಟಿರಲಿ’ ಎಂದು ಸೆಕೆಂಡಿಗೆ ಹತ್ತಾರು ಸಲ ಹೇಳುತ್ತಲೇ ಇರುತ್ತದೆ. ಒಂದು ಸಲ ಕೇಳಿಸದಿದ್ದರೆ ಮರುಕ್ಷಣ ಮತ್ತೆ ಕೇಳಿಸುತ್ತದೆ. ಹಾಗಿದ್ದೂ ಪಟಾಕಿ, ಬೆಂಕಿಯಂಥ ಅಪಾಯದ ಕೆಲಸಗಳಿಗೆ ಇದನ್ನು ನಂಬಬೇಡಿ ಎಂದು ಆ ಮಾನದಂಡವೇ ಹೇಳುತ್ತದೆ. ನನ್ನ ಸಂದೇಶವೋ, ಒಂದೇ ಸಲ ಹೊರಟು ಕಾಣೆಯಾಗಿತ್ತು.

ಏಳು ದಿನ, ಏಳು ಬದಲಾವಣೆ

ಮುಂದಿನ ಪ್ರದರ್ಶನಕ್ಕೆ ಒಂದು ವಾರವಿತ್ತು. ಜೂನಿಯರ್‌ಗೆ ಎಲ್ಲರೂ ಬೈದರು. ನನಗೆ ಬೈಯಲು ಮನಸ್ಸಾಗಲಿಲ್ಲ. ಒಂದು ಪ್ಲಗ್ ಕಿತ್ತರೆ ಕುಸಿಯುವಂತೆ ಕಟ್ಟಿದವರು ನಾವೇ ತಾನೆ?

ಮೊದಲನೆಯದಾಗಿ, ವೈಫೈ ಬಿಟ್ಟೆವು. ಖಾಲಿ ಹಾಲ್‌ನಲ್ಲಿ ಚೆನ್ನಾಗಿ ಓಡುವ ವೈಫೈ, ಮುನ್ನೂರು ಮೊಬೈಲ್ ಸೇರಿದ ಮೇಲೆ ಹಾಗೇ ಓಡುತ್ತದೆಂಬ ಭರವಸೆಯಿಲ್ಲ. ಗೋಡೆಯಂಚಿಗೆ ಲ್ಯಾನ್ ಕೇಬಲ್ ಎಳೆದೆವು. ಅದು 100 ಮೀಟರ್‌ವರೆಗೆ ತೊಂದರೆಯಿಲ್ಲದೆ ನಡೆಯುತ್ತದೆ, ನಮಗೆ ಬೇಕಿದ್ದದ್ದು 40.

ಎರಡನೆಯದಾಗಿ, ಎರಡೂ ಲ್ಯಾಪ್‌ಟಾಪ್‌ಗೆ ಬದಲಾಗದ ವಿಳಾಸ ಕೊಟ್ಟು, ಅದನ್ನು ಟೇಪಿನ ಮೇಲೆ ಬರೆದು ಅಂಟಿಸಿದೆವು. ಮೂರನೆಯದು, ಪ್ಲಗ್‌ಗಳಿಗೆ ಕೆಂಪು ಟೇಪು: ‘ಮುಟ್ಟಬೇಡಿ’. ಪಕ್ಕದಲ್ಲೇ ಫೋನ್ ಚಾರ್ಜಿಗೆಂದು ಬೇರೆ ಎಕ್ಸ್‌ಟೆನ್ಷನ್ ಬೋರ್ಡ್. ಮುಟ್ಟಬೇಡಿ ಎಂದರೆ ಸಾಲದು, ಎಲ್ಲಿ ಮುಟ್ಟಬಹುದು ಎಂದೂ ಹೇಳಬೇಕಲ್ಲ!

ನಾಲ್ಕನೆಯದು ನಾನು ಮುಂಚೆಯೇ ಕಲಿಯಬೇಕಾಗಿದ್ದ ಸಂಗತಿ. ಅಲ್ಲಿಯವರೆಗೆ ನಾನು ಲೈಟಿಗೆ ‘ಮುಂದಿನದಕ್ಕೆ ಹೋಗು’ ಎಂದು ಕಳಿಸುತ್ತಿದ್ದೆ. ನಡುವೆ ಒಂದು ಸಂದೇಶ ಕಳೆದುಹೋದರೆ ಆಮೇಲಿನ ಬೆಳಕೆಲ್ಲ ಒಂದೊಂದು ಹೆಜ್ಜೆ ಹಿಂದೆ. ರಾತ್ರಿಯ ದೃಶ್ಯಕ್ಕೆ ಮಧ್ಯಾಹ್ನದ ಬೆಳಕು. ಈಗ ‘17ನೇ ಬೆಳಕಿಗೆ ಹೋಗು’ ಎಂದು ನಂಬರ್ ಹೇಳಿಯೇ ಕಳಿಸುತ್ತೇನೆ. ಹೀಗಿದ್ದರೆ ಒಂದು ತಪ್ಪಿದರೂ ಮುಂದಿನದು ತಾನಾಗಿ ಸರಿಹೋಗುತ್ತದೆ. ಅದೇ ಸಂದೇಶವನ್ನು ಎರಡು ಸಲ ಕಳಿಸಿದರೂ ನಷ್ಟವಿಲ್ಲ.

ಐದನೆಯದು ಲ್ಯಾಪ್‌ಟಾಪ್‌ನ ಶಿಸ್ತು. ಅಪ್‌ಡೇಟ್, ನೋಟಿಫಿಕೇಶನ್, ಬ್ಲೂಟೂತ್, ಸ್ಲೀಪ್ ಎಲ್ಲ ಬಂದ್. ಫೈಲುಗಳೆಲ್ಲ ಪೆನ್‌ಡ್ರೈವ್‌ನಲ್ಲಲ್ಲ, ಲ್ಯಾಪ್‌ಟಾಪ್‌ನಲ್ಲೇ. ಗಾಬರಿಯಲ್ಲಿ ಬಟನ್ ಎರಡು ಸಲ ಒತ್ತಿದರೂ ಒಂದೇ ಸಲ ಎಣಿಸುವ ವ್ಯವಸ್ಥೆ ಸಾಫ್ಟ್‌ವೇರ್‌ನಲ್ಲೇ ಇದೆ, ಅದನ್ನೂ ಆನ್ ಮಾಡಿದೆ.

ಆರನೆಯದು ‘ಸೊನ್ನೆ ಕ್ಯೂ’. ವಿಂಗ್‌ನಲ್ಲಿ, ನನಗೆ ಮಾತ್ರ ಕಾಣುವಂತೆ, ಒಂದು ಸಣ್ಣ ಬಲ್ಬನ್ನು ಲೈಟಿನ ವ್ಯವಸ್ಥೆಗೆ ಸೇರಿಸಿದೆವು. ನಾಟಕಕ್ಕೆ ಮುಂಚೆ ಮತ್ತು ಕೊನೆಯ ದೃಶ್ಯದ ನಡುವೆ ಒಂದು ಸಂದೇಶ ಕಳಿಸುತ್ತೇನೆ. ಬಲ್ಬು ಮಿನುಗಿದರೆ ದಾರಿ ಸರಿಯಿದೆ. ಮಿನುಗದಿದ್ದರೆ ಸರಿಮಾಡಲು ಕೆಲವು ನಿಮಿಷ ಇವೆ.

ಏಳನೆಯದು ಮನುಷ್ಯ. ಅದೇ ಜೂನಿಯರ್ ಕ್ಯೂ ಶೀಟಿನ ಪ್ರಿಂಟ್ ಹಿಡಿದು ಲೈಟಿನ ಲ್ಯಾಪ್‌ಟಾಪ್ ಮುಂದೆ ಕೂರುತ್ತಾನೆ. ಸಂದೇಶ ಬಂದರೆ ಅವನಿಗೆ ಕೆಲಸವಿಲ್ಲ. ಬರದಿದ್ದರೆ ಅವನ ಕೈ ಇದೆ. ಅಪ್ಪ ಯಕ್ಷಗಾನದ ಹುಚ್ಚಿನವರು. ಇದನ್ನು ಕೇಳಿ, ‘ಚೆಂಡೆಯವರು ಭಾಗವತರನ್ನ ಕೇಳ್ತಾರೆ ನಿಜ, ಆದರೆ ಕಣ್ಣು ವೇಷದವರ ಕಾಲ ಮೇಲೇ ಇರುತ್ತೆ’ ಎಂದರು. ನನ್ನ ಕಣ್ಣು ಅಷ್ಟು ದಿನ ಪರದೆಯ ಮೇಲಿತ್ತು.

ಅಜ್ಜಿ ಹೇಳಿದ್ದು

ಇಷ್ಟೆಲ್ಲ ಆದ ಮೇಲೂ ಅಜ್ಜಿಗೆ ಮುಖ ತೋರಿಸಲು ನಾಚಿಕೆ. ಅವರ ಊರಿನ ಕಥೆಯನ್ನೇ ಹಾಳು ಮಾಡಿದೆ ಎನಿಸುತ್ತಿತ್ತು. ಭಾನುವಾರ ಊರಿಗೆ ಹೋದಾಗ ನಾನೇ ಮಾತು ತೆಗೆದೆ. ‘ಅಜ್ಜಿ, ಕೊನೇಲಿ ಲೈಟು ಆರಬೇಕಿತ್ತು. ನನ್ನ ತಪ್ಪು.’

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಿದರು. ‘ಆರಬೇಕಿತ್ತಾ? ಯಾಕೆ? ನಾವು ಹೊರಟಿದ್ದು ಹಗಲಲ್ಲೇ ಮಗಾ. ಬಿಸಿಲಿತ್ತು. ಎಲ್ಲಾ ಕಾಣ್ತಿತ್ತು.’ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು. ‘ನೀರು ಹಂಗೆಲ್ಲ ಗುಡುಗಿಕೊಂಡು ಬರಲಿಲ್ಲ ಅಂತಿದ್ದರು ನಮ್ಮಪ್ಪ. ನೋಡಕ್ಕೆ ಹೋಗಿದ್ದರಲ್ಲ. ಸುಮ್ಮನೆ ಬಂತಂತೆ. ಇವತ್ತು ತೋಟದ ತುದಿ, ನಾಳೆ ಕೊಟ್ಟಿಗೆ, ನಾಡಿದ್ದು ಅಂಗಳ. ಸದ್ದೇ ಇಲ್ಲ.’

ನಾನು ಮೂರು ಅಣೆಕಟ್ಟಿನ ನೀರಿನ ಸದ್ದು ಸೇರಿಸಿ, ಸ್ಪೀಕರ್ ಅದುರುವಂತೆ ಆ ಭೋರ್ಗರೆತ ಮಾಡಿದ್ದೆ. ಎಷ್ಟು ಹೆಮ್ಮೆಪಟ್ಟಿದ್ದೆ! ಅದು ಸ್ಪೀಕರ್‌ಗೆ ಸರಿಯಾಗಿಯೇ ತಲುಪಿತ್ತು. ಅಜ್ಜಿಗೆ ತಲುಪಿರಲಿಲ್ಲ.

ನಿರ್ದೇಶಕರಿಗೆ ಹೇಳಿದೆ. ಅವರು ಕೂಡಲೇ ಒಪ್ಪಿದರು. ‘ಸರ್, ಹಾಗಾದರೆ ಮೊನ್ನೆ ಆಗಿದ್ದೇ ಒಳ್ಳೇದಾಯ್ತಲ್ಲ’ ಎಂದೆ. ‘ಒಳ್ಳೇದಾಯ್ತು ಅಂತ ಅದನ್ನೇ ನಂಬಿಕೊಂಡು ಕೂರಬೇಡ. ಬೇಕು ಅಂದರೆ ಕ್ಯೂ ಬರಿ. ಪ್ರತಿ ಶೋನಲ್ಲೂ ಹಾಗೇ ಆಗಬೇಕು’ ಎಂದರು.

ಕ್ಯೂ 58ನ್ನು ಹೊಸದಾಗಿ ಬರೆದೆ. ಮುದುಕಿ ದೀಪ ಆರಿಸುತ್ತಾಳೆ. ಬೆಳಕು ಹಾಗೇ ಇರುತ್ತದೆ. ಸದ್ದಿಲ್ಲ. 20 ಸೆಕೆಂಡಿನ ನಂತರ ಎಲ್ಲೋ ತಳದಲ್ಲಿ ಜುಳುಜುಳು, 90 ಸೆಕೆಂಡಿನಲ್ಲಿ ತುಸುವೇ ಏರುತ್ತದೆ. ಬೆಳಕು ಯಾರಿಗೂ ಗೊತ್ತಾಗದಷ್ಟು ನಿಧಾನ ಇಳಿದಂತೆ, ಪರದೆಯ ಮೇಲಿನ ನೀರು ಕಾಣತೊಡಗುತ್ತದೆ.

ನಿಮ್ಮ ಕಾಲೇಜಿನಲ್ಲೂ ನಾಟಕ ತಂಡವಿದ್ದರೆ, ಮ್ಯಾಕ್ ಇಲ್ಲವೆಂದು ಚಿಂತಿಸಬೇಡಿ. ವಿಂಡೋಸ್‌ಗೆ ಮಲ್ಟಿಪ್ಲೇ, ಲಿನಕ್ಸ್‌ಗೆ ಲಿನಕ್ಸ್ ಶೋ ಪ್ಲೇಯರ್ ಉಚಿತವಾಗಿ ಸಿಗುತ್ತವೆ. ಯಾವುದನ್ನು ಬಳಸಿದರೂ ತಾಂತ್ರಿಕ ರಿಹರ್ಸಲ್‌ನಲ್ಲಿ ಒಂದು ಸಲ ಬೇಕೆಂದೇ ಕೇಬಲ್ ಕಿತ್ತು ನೋಡಿ. ಆಗ ಏನಾಗುತ್ತದೆ, ಯಾರು ಎಲ್ಲಿಗೆ ಓಡುತ್ತಾರೆ ಎನ್ನುವುದು ಗೊತ್ತಿದ್ದರೆ ಪ್ರದರ್ಶನದ ದಿನ ಅರ್ಧ ಭಯ ಕಡಿಮೆ.

ಎರಡನೇ ಪ್ರದರ್ಶನ ಸಾಗರದಲ್ಲಿ. ಅಜ್ಜಿ ಮತ್ತೆ ಬಂದಿದ್ದರು, ಈ ಸಲ ಊರಿನ ಇನ್ನಿಬ್ಬರು ಅಜ್ಜಿಯರ ಜೊತೆ. ಕೊನೆಯ ದೃಶ್ಯದ ನಡುವೆ ಸೊನ್ನೆ ಕ್ಯೂ ಕಳಿಸಿದೆ. ವಿಂಗ್‌ನ ಬಲ್ಬು ಮಿನುಗಿತು. ಮುದುಕಿ ದೀಪದ ಮುಂದೆ ಬಾಗಿದಳು. ಸ್ಪೇಸ್ ಬಾರ್ ಒತ್ತಿ, ಲ್ಯಾಪ್‌ಟಾಪ್ ನೋಡದೆ ಮೂರನೇ ಸಾಲು ನೋಡಿದೆ. ಆ ಬೆಳಕಿನಲ್ಲಿ ಮೂವರು ಅಜ್ಜಿಯರ ತಲೆಗಳು ಕಾಣುತ್ತಿದ್ದವು. ಯಾರೂ ಅಲುಗಾಡುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮಜ್ಜಿ ಸೆರಗನ್ನು ಮುಖಕ್ಕೆ ಒತ್ತಿಕೊಂಡರು.

ಈ ಸಲ ತಲುಪಿತ್ತು.